ಬಳಿಚಕ್ರಕ್ಕೆ ನಾನು ಮುಟ್ಟಿಸಿದ ಸುದ್ದಿ

ಡಿಗ್ರಿ ಎರಡನೇ ವರ್ಷದ ಇಂಗ್ಲಿಷಿನಲ್ಲಿ ನಮಗೆ ಯುದ್ಧ ಮತ್ತು ಸುದ್ದಿಯ ಬಗ್ಗೆ ಒಂದು ಪಾಠವಿತ್ತು. ನಾನು ಸಗರದಿಂದ ಶಹಾಪುರಕ್ಕೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಯಾದಗಿರಿಯ ಕಾಲೇಜಿಗೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ಇಂಗ್ಲಿಷನ್ನು ತಡವರಿಸದೆ ಓದುವವಳು ನಾನೊಬ್ಬಳೇ ಎಂಬ ಸೊಕ್ಕು ನನಗಿತ್ತು. ಸರ್ ಕೂಡ ಪಾಠ ಓದಿಸುವುದಿದ್ದರೆ ಮೊದಲು ನನ್ನನ್ನೇ ಎಬ್ಬಿಸುತ್ತಿದ್ದರು.

ಸರ್ ಸುರಪುರದ ಕಡೆಯವರು. ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಬಿಡಿಸಿ ಹೇಳುವವರು. ಆ ಪಾಠ ಶುರು ಮಾಡಿದ ದಿನ ಮಡಿಚಿದ ಒಂದು ಫೋಟೊ ತೋರಿಸಿದರು. ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

"ಏನಾಗೇದ ಈಕಿಗಿ? ಹೇಳ್ರಿ" ಅಂದರು.

ನಾನು ಎದ್ದು, ಯುದ್ಧದಲ್ಲಿ ಮಗನನ್ನು ಕಳಕೊಂಡ ತಾಯಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸರ್ ಮಡಿಕೆ ಬಿಚ್ಚಿದರು. ಇನ್ನರ್ಧದಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗಳು ನಿಂತಿದ್ದಳು. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುತ್ತಿದ್ದ ತಾಯಿ ಅವಳು. ಕ್ಲಾಸೆಲ್ಲ ನಕ್ಕಿತು.

"ನೀ ನೋಡಿದ್ದು ಅರ್ಧ. ಉಳಿದಿದ್ದು ನೀನೇ ಕೂಡಿಸಿದಿ. ಯುದ್ಧದ ಟೈಮಿನಾಗ ಪೇಪರು, ಟಿವಿ ಮಾಡೋದೂ ಇದೇ" ಎಂದರು ಸರ್.

ಪರೀಕ್ಷೆಗೆ ಬಂದರೂ ಬರಬಹುದೆಂದು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ನನ್ನ ಬಾಜೂ ಕೂಡುತ್ತಿದ್ದ ಗೆಳತಿ ಬಳಿಚಕ್ರದವಳು. ಕುರಿ ಸಾಕುವ ಮನೆ ಅವರದು. ಅಪ್ಪ ಹಿಂಡು ಹೊಡಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅಣ್ಣ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ಅವನ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು.

ಅದೇ ವಾರ ಗಡಿಯಲ್ಲಿ ಗದ್ದಲ ಶುರುವಾಯಿತು. ಯಾವ ಟಿವಿ ಹಚ್ಚಿದರೂ ಸೈರನ್ನು, ಬೆಂಕಿ, ಚೀರಾಟ. ಶನಿವಾರ ಮಧ್ಯಾಹ್ನ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ನನ್ನ ಫೋನಿಗೆ ಒಂದು ಚಿತ್ರ ಬಂತು. ಬಾವುಟ ಹೊದಿಸಿದ ಪೆಟ್ಟಿಗೆ, ಕೆಳಗೆ "ಯಾದಗಿರಿ ಜಿಲ್ಲೆಯ ಯೋಧ ವೀರಮರಣ" ಎಂಬ ಒಂದು ಸಾಲು. ಹೆಸರಿಲ್ಲ, ಊರಿಲ್ಲ. ನನಗೆ ಗೊತ್ತಿದ್ದ ಯೋಧ ಒಬ್ಬನೇ.

ಗೆಳತಿಯ ನಂಬರು ನನ್ನ ಹತ್ತಿರ ಇತ್ತು. ಒಂದು ಫೋನು ಮಾಡಿದ್ದರೆ ಮುಗಿದುಹೋಗುತ್ತಿತ್ತು. ಮಾಡಲಿಲ್ಲ. ಅಂಥ ಸುದ್ದಿಯನ್ನು ಹೇಗೆ ಕೇಳುವುದೆಂದು ಅಂಜಿದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಎಲ್ಲರಿಗಿಂತ ಮೊದಲು ನನಗೇ ಗೊತ್ತಾಯಿತು ಎಂಬ ಹುರುಪು ನನ್ನ ಮೈ ಹೊಕ್ಕಿತ್ತು.

ನಮ್ಮ ಸೋದರಮಾವನ ಮಗ ಶಹಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಅದರ ಜೊತೆಗೆ ವಾಟ್ಸಾಪಿನಲ್ಲಿ ಸುದ್ದಿಯ ಗ್ರೂಪು ನಡೆಸುತ್ತಿದ್ದ. ಅವನಿಗೆ ಆ ಚಿತ್ರ ಕಳಿಸಿ, "ಬಳಿಚಕ್ರದವನು" ಎಂದು ಬರೆದೆ. ಕೂಡಲೇ ಫೋನು ಮಾಡಿದ.

"ಖರೇ ಏನು?"

"ಖರೇನ. ನನ್ನ ಗೆಳತಿ ಅಣ್ಣ."

"ಮನಿಯವರು ಹೇಳ್ಯಾರೇನು?"

"ಹೂಂ" ಅಂದೆ.

ನನ್ನ ಬಸ್ಸು ಸಗರ ಮುಟ್ಟುವುದರೊಳಗೆ ಆ ಸುದ್ದಿ ಅವನ ಗ್ರೂಪಿನಲ್ಲಿ ಕೆಂಪು ಅಕ್ಷರದಲ್ಲಿತ್ತು. ಕೈಮುಗಿದ ಚಿತ್ರಗಳು ಒಂದರ ಹಿಂದೊಂದು ಬೀಳುತ್ತಿದ್ದವು. ನಾನು ಅವನ್ನು ಎಣಿಸುತ್ತ ಕೂತೆ.

ಬುಧವಾರ ಗೆಳತಿ ಕಾಲೇಜಿಗೆ ಬಂದಳು. ಅಷ್ಟರಲ್ಲಿ ಸುದ್ದಿ ಸುಳ್ಳೆಂದು ಎಲ್ಲರಿಗೂ ತಿಳಿದಿತ್ತು. ಆದರೆ ಅವರ ಮನೆಯಲ್ಲಿ ಏನಾಯಿತೆಂದು ನನಗೆ ಅವಳೇ ಹೇಳಿದ್ದು. ಶನಿವಾರ ಹೊತ್ತು ಮುಳುಗುವ ಹೊತ್ತಿಗೆ ಅವ್ವ ಜೋಳ ಹಸನು ಮಾಡುತ್ತಿದ್ದಳಂತೆ. ಓಣಿಯ ಹೆಂಗಸರು ಅಳುತ್ತಲೇ ಒಳಗೆ ಬಂದರು. ಅಣ್ಣನ ಫೋನು ಹತ್ತಲಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಯಾರ ಮಾತಿಗೂ ಕಾಯದೆ ಎರಡೂ ಕೈಗಳನ್ನು ಒರಳಿಗೆ ಬಡಿದುಕೊಂಡು ಬಳೆ ಒಡೆದುಕೊಂಡಳು. ಗಾಜು ನಟ್ಟು ಮಣಿಕಟ್ಟಿಗೆ ಹೊಲಿಗೆ ಬಿದ್ದವು. ಅಪ್ಪ ಯಾವುದೋ ಊರಿನ ಚಹಾದಂಗಡಿಯಲ್ಲಿ ಕೇಳಿ, ಕುರಿಗಳನ್ನು ಜೊತೆಯವರಿಗೆ ಬಿಟ್ಟು ಓಡಿ ಬಂದ. ಮರುದಿನ ಮುಂಜಾನೆ ಅಣ್ಣನೇ ಫೋನು ಮಾಡಿದ. ಅವನಿದ್ದದ್ದು ಗಡಿಯಿಂದ ಎಷ್ಟೋ ದೂರ. ಎರಡು ದಿನ ಯಾರೂ ಫೋನು ಹಚ್ಚಬಾರದೆಂದು ಮೇಲಿನವರ ಹುಕುಂ ಇತ್ತು, ಅಷ್ಟೆ.

"ಈಗ ಏನಂತಾರ ಗೊತ್ತದ ಏನು? ಗಂಡ ಇದ್ದಾಗ ಬಳಿ ಒಡಕೊಂಡಾಕಿ ಅಂತ ವೈನಿಗಿ ಆರತಿ ಹಿಡಿಲಾಕ ಕರ್ಯಾಂಗಿಲ್ಲ" ಅಂದಳು ಗೆಳತಿ. "ಆ ಸುದ್ದಿ ಹಬ್ಬಿಸಿದವರ ಬಾಯಾಗ ಹುಳ ಬೀಳಲಿ."

"ಹೌದವಾ" ಅಂದೆ ನಾನು.

ಆ ಶಾಪಕ್ಕೆ ಹೌದೆಂದವಳು ನಾನೇ. ಧ್ವನಿ ಕೂಡ ನಡುಗಲಿಲ್ಲ.

ಬಳಿಚಕ್ರದ ಹಿರಿಯರು ಮಾವನ ಮಗನ ಅಂಗಡಿಗೆ ಬಂದು, ಮಂದಿಯ ಮುಂದೆ ಅವನ ಮಾನ ಕಳೆದರು. ಅವನು ಗ್ರೂಪು ಮುಚ್ಚಿದ. "ಹೆಣ್ಣು ಹುಡುಗಿ ಅಂತ ನಿನ್ನ ಹೆಸರು ಹೇಳಿಲ್ಲ" ಅಂದ. ಆಮೇಲೆ ನನ್ನ ಸಂಗಡ ಮಾತು ಬಿಟ್ಟ.

ಮುಂದಿನ ವಾರ ಸರ್ ಯುದ್ಧದ ಕಾಲದ ಸುದ್ದಿಯ ಬಗ್ಗೆ ಪ್ರಬಂಧ ಬರೆಸಿದರು. ನಾನು ನಾಲ್ಕು ಪುಟ ಬರೆದೆ. ಸುಳ್ಳು ಸುದ್ದಿ ಬಂದೂಕಿನ ಗುಂಡಿಗಿಂತ ದೂರ ಹೋಗುತ್ತದೆ ಎಂದೆಲ್ಲ ಬರೆದೆ. ಸರ್ ಅದನ್ನು ಕ್ಲಾಸಿಗೆ ಓದಿ ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು, ಗೆಳತಿ ಎಲ್ಲರಿಗಿಂತ ಜೋರಾಗಿ.

"ಭಾಳ ಛಲೋ ಬರದಿ. ಶನಿವಾರ ನಮ್ಮ ಮನಿಗಿ ಬಾ, ವೈನಿಗಿ ಕನ್ನಡದಾಗ ಓದಿ ಹೇಳು. ಆಕಿ ಮನಸಿಗಿ ಜರಾ ಹಗುರ ಆಗ್ತದ" ಅಂದಳು.

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹೋದೆ. ವೈನಿ ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬೇಕು. ಚಾಪೆ ಹಾಸಿ, ಚಹಾ ತಂದುಕೊಟ್ಟು ಎದುರಿಗೆ ಕೂತಳು. ಮಣಿಕಟ್ಟಿನ ಗಾಯ ಇನ್ನೂ ಕೆಂಪಗಿತ್ತು. ನಾನು ನೋಟ್‌ಬುಕ್ಕು ತೆರೆದೆ. ಮೊದಲ ಸಾಲನ್ನು ಕನ್ನಡದಲ್ಲಿ ಹೇಳಲು ಹೋಗಿ, ಅದನ್ನು ಮುಚ್ಚಿಬಿಟ್ಟೆ.

"ಆ ಸುದ್ದಿ ಕೊಟ್ಟಾಕಿ ನಾನರಿ" ಅಂದೆ. "ಊರ ಹೆಸರು ಅದರಾಗ ಇದ್ದಿಲ್ಲ. ನಾನೇ ಬರದೆ. ಮನಿಯವರು ಹೇಳ್ಯಾರ ಅಂತ ಸುಳ್ಳೂ ಹೇಳಿದೆ."

ಗೆಳತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವರವ್ವ ಮೊರ ಕೆಳಗಿಟ್ಟಳು. ವೈನಿ ಕೇಳಿದಳು:

"ಒಂದು ಫೋನ್ ಮಾಡಿ ಕೇಳಾಕ ಆಗಲಿಲ್ಲೇನ್ರಿ ನಿಮಗ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು 'ರಿ' ಹಚ್ಚಿ ಮಾತಾಡಿದಳು. ಅವ್ವ ಮಾತ್ರ, "ಚಹಾ ಆರ್ತದ, ಕುಡದು ಹೋಗು" ಅಂದು ಹಿತ್ತಲಿಗೆ ಎದ್ದು ಹೋದಳು. ಆ ಚಹಾವನ್ನು ಹೇಗೆ ಕುಡಿದೆನೋ ಗೊತ್ತಿಲ್ಲ.

ಗೆಳತಿ ಬಸ್ಸಿನ ತನಕ ಬಂದಳು. ಬಸ್ಸು ಬಂದ ಮೇಲೆ, "ಇನ್ನ ನನ್ನ ಬಾಜೂ ಕೂಡಬ್ಯಾಡ" ಅಂದಳು.

ಸೋಮವಾರ ಸರ್‌ಗೆ ಎಲ್ಲ ಹೇಳಿ, ಆ ಪ್ರಬಂಧಕ್ಕೆ ಕೊಟ್ಟ ಅಂಕ ತೆಗೆಯಿರಿ ಎಂದೆ. ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

"ಅಂಕ ತೆಗೆಯೋದು ಸಣ್ಣ ಮಾತು. ಚಪ್ಪಾಳಿ ಹೊಡದವರ ಮುಂದ ನಿಂತು ಇದನ್ನ ಹೇಳ್ತಿ ಏನು?"

ಹೇಳುತ್ತೇನೆ ಅಂದೆ. ಮರುದಿನ ಸರ್ ಕ್ಲಾಸಿಗೆ ಬಂದು ನನ್ನ ಕಡೆ ನೋಡಿದರು. ನಾನು ಪುಸ್ತಕದ ಹಾಳೆ ತಿರುವುತ್ತ ಕೂತೆ. ಒಂದೆರಡು ನಿಮಿಷ ಕಾದು, ಮುಂದಿನ ಪಾಠ ಶುರು ಮಾಡಿದರು. ಓದಲು ಬೇರೆ ಹುಡುಗಿಯನ್ನು ಎಬ್ಬಿಸಿದರು.

ಗೆಳತಿ ಯಾರ ಮುಂದೆಯೂ ನನ್ನ ಸುದ್ದಿ ಎತ್ತಲಿಲ್ಲ. ವರ್ಷ ಮುಗಿಯುವ ತನಕ ಮುಂದಿನ ಬೆಂಚಿನಲ್ಲಿ ಕೂತಳು. ನಾನು ಅವಳ ಬೆನ್ನು ನೋಡುತ್ತ ಪಾಠ ಕೇಳಿದೆ.