ರಾಣಿಯ ತೋಳಿನ ಕಸೂತಿ

ಬರ್ಬ್ಯಾಂಕಿನ ಆ ವೇಷಭೂಷಣದ ವರ್ಕ್‌ಶಾಪಿನಲ್ಲಿ ಕನ್ನಡ ಬರುತ್ತಿದ್ದುದು ಇಬ್ಬರಿಗೇ, ನನಗೆ ಮತ್ತು ಅಕ್ಕನಿಗೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಅವಳು ಧಾರವಾಡದವಳು, ಕಸೂತಿ ಅವಳ ಕೈಯಲ್ಲೇ ಇತ್ತು. ನಾನು ಬೆಂಗಳೂರಿನ ಶಿವಾಜಿನಗರದವಳು, ಅಬ್ಬಾನ ಅಂಗಡಿಯಲ್ಲಿ ಕೂತು ಜರ್ದೋಸಿ ಎಂಬ ಜರಿಕೆಲಸ ಕಲಿತವಳು. 2004ರಲ್ಲಿ ಒಂದು ಟಿವಿ ಧಾರಾವಾಹಿಗಾಗಿ ನಾವಿಬ್ಬರೂ ನಾನೂರು ವರ್ಷದ ಹಿಂದಿನ ಇಂಗ್ಲೆಂಡಿನ ಟ್ಯೂಡರ್ ವಂಶದ ರಾಣಿಗೆ ಬಟ್ಟೆ ಸಿದ್ಧಪಡಿಸುತ್ತಿದ್ದೆವು. ಎದೆಯ ಮೇಲಿನ ಜರಿ ನನ್ನದು, ತೋಳಿನ ಬಿಳಿ ಬಟ್ಟೆಯ ಮೇಲೆ ಕರಿ ನೂಲಿನ ಕೆಲಸ ಅವಳದು. ಆ ಕಾಲದ ಹೊಲಿಗೆಯ ಮಾದರಿ ನೋಡಿ ಅಕ್ಕ ಗಟ್ಟಿಯಾಗಿ ನಕ್ಕಿದ್ದಳು.

"ಇದೇನಽ ಇದು, ನಮ್ಮ ಕಸೂತಿನಽ ಐತಲ್ಲ! ಈ ರಾಣಿ ಧಾರವಾಡಕ್ಕ ಯಾವಾಗ ಬಂದಿದ್ಲು?"

ಎರಡರಲ್ಲೂ ಎಳೆ ಎಣಿಸಿಕೊಂಡು ಹೋಗಿ, ಅದೇ ದಾರಿಯಲ್ಲಿ ಮರಳಿ ಬರಬೇಕು. ಗಂಟು ಹಾಕುವಂತಿಲ್ಲ. ಮೇಲಿನ ಮೈ, ಒಳಗಿನ ಮೈ ಎರಡೂ ಒಂದೇ ಸಮ ಕಾಣಬೇಕು.

ವರ್ಕ್‌ಶಾಪಿನ ಯಜಮಾನಿ, ನಮ್ಮ ಮೇಡಂ, ಕೆಲಸದ ನಡುವೆ ಆ ರಾಣಿಯ ಕಥೆ ಹೇಳುತ್ತಿದ್ದರು. ಬಟ್ಟೆ ತೊಡುವವಳು ಯಾರೆಂದು ಹೊಲಿಯುವವರಿಗೆ ಗೊತ್ತಿರಬೇಕಂತೆ. ಆಸ್ಥಾನದಲ್ಲಿ ಎರಡು ಬಣ. ಒಂದು ಕಡೆ ರಾಣಿಯ ಕಣ್ಮಣಿಯಾದ ಚೆಲುವ ಸರದಾರ, ಇನ್ನೊಂದು ಕಡೆ ಮುದಿ ಮಂತ್ರಿಯ ಗೂನುಬೆನ್ನಿನ ಮಗ. ರಾಣಿ ಒಬ್ಬನಿಗೆ ನಗೆ ಕೊಟ್ಟರೆ ಇನ್ನೊಬ್ಬನಿಗೆ ಪದವಿ ಕೊಡುವಳು. ಯಾರಿಗೂ ಹೊಟ್ಟೆ ತುಂಬುವಷ್ಟು ಇಲ್ಲ. ಸಖಿಯರು ರಾಣಿಯನ್ನು ಕೇಳದೆ ಮದುವೆಯಾದರೆ ಸೆರೆಮನೆ. ಕೊನೆಗೆ ಆ ಕಣ್ಮಣಿಯೂ ದಂಗೆ ಎದ್ದು ತಲೆ ಕಳೆದುಕೊಂಡ.

ಕೇಳುತ್ತ ನಮಗೆ ನಗು. ಮೇಡಂ ಮಾಡುತ್ತಿದ್ದುದೂ ಅದನ್ನೇ. ಬೆಳಿಗ್ಗೆ ನಮ್ಮೆದುರು ಬಟ್ಟೆ ಕತ್ತರಿಸುವ ಮೇಜಿನವರನ್ನು ಹೊಗಳುವುದು, ಮಧ್ಯಾಹ್ನ ಅವರೆದುರು ಸೂಜಿಯವರಾದ ನಮ್ಮನ್ನು ಹೊಗಳುವುದು. ಕತ್ತರಿಯವರು ನಮ್ಮೊಡನೆ ಮಾತೇ ಬಿಟ್ಟಿದ್ದರು. "ಸುಮ್ಮನಿರು ತಂಗಿ, ಆಕಿ ನಮ್ಮನ್ನ ಕುಸ್ತಿಗೆ ಬಿಟ್ಟು ಮಜಾ ನೋಡಾಕತ್ತಾಳ" ಎನ್ನುತ್ತಿದ್ದಳು ಅಕ್ಕ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂದು ನಾನೂ ದೊಡ್ಡ ಜಾಣೆಯ ಹಾಗೆ ತಲೆಯಾಡಿಸುತ್ತಿದ್ದೆ.

ಅಕ್ಕನ ಗಂಡ ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಎಂಜಿನಿಯರ್. ಐದು ವರ್ಷದ ಮಗಳು ಅಪ್ಪನ ಜೊತೆಗಿದ್ದಳು. ಅಕ್ಕ ವಾರವಿಡೀ ಗ್ಲೆಂಡೇಲಿನ ನನ್ನ ರೂಮಿನಲ್ಲಿ ಇದ್ದು, ನನಗೂ ಸೇರಿಸಿ ರೊಟ್ಟಿ ಬಡಿದು, ಶುಕ್ರವಾರ ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ಮಗಳಿಗೆ ಜಿಲೇಬಿ ಕಟ್ಟಿಸಿಕೊಂಡು ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡುತ್ತಿದ್ದಳು. ಒಂದು ದಿನ ಕತ್ತರಿಯವರು ಪಕ್ಕದಲ್ಲೇ ಇರುವಾಗ, ದನಿ ಕೂಡ ತಗ್ಗಿಸದೆ, ಕನ್ನಡದಲ್ಲಿ ಹೇಳಿದಳು.

"ಸ್ಯಾನ್ ಡಿಯಾಗೋದಾಗ ಒಂದು ಥಿಯೇಟರಿಗೆ ಅಪ್ಲೈ ಮಾಡೀನಿ. ಹೆಚ್ಚುಕಡಿಮಿ ಸಿಕ್ಕಂಗನಽ. ಯಾರ ಮುಂದೂ ಹೇಳಬ್ಯಾಡ. ಮೊನ್ನೆ ಮಗಳು ಫೋನಿನ್ಯಾಗ ಏನಂದ್ಲು ಗೊತ್ತೇನು? 'ಆರ್ ಯೂ ಓನ್ಲಿ ಮೈ ವೀಕೆಂಡ್ ಅಮ್ಮ?' ಅಂದ್ಲು."

ಧಾರಾವಾಹಿ ಮುಗಿದ ಮೇಲೆ ಸೂಜಿಯವರಲ್ಲಿ ಒಬ್ಬರನ್ನು ಮಾತ್ರ ಕಾಯಂ ಮಾಡುತ್ತಾರೆಂಬ ಸುದ್ದಿ ಆಗಲೇ ಹಬ್ಬಿತ್ತು. ಮೇಡಂ ನನ್ನನ್ನು ತಮ್ಮ ಕೋಣೆಗೆ ಕರೆದು, ಕೂರಿಸಿ, ತಾವೇ ಟೀ ಬಗ್ಗಿಸಿ ಕೊಟ್ಟರು. ಯಾರಿಗೂ ಹಾಗೆ ಕೊಟ್ಟವರಲ್ಲ. ನಿನ್ನ ಗೆಳತಿ ಆ ತೋಳಿನ ಮೇಲೆ ಮಾಡಿದಂಥ ಕೆಲಸ ಮೂವತ್ತು ವರ್ಷದಲ್ಲಿ ನೋಡಿಲ್ಲ, ಅವಳನ್ನು ಇಟ್ಟುಕೊಳ್ಳಲೇ ಎಂದು ಕೇಳಿದರು. ನಾನು ಹೇಳಿಬಿಟ್ಟೆ. ಅವಳು ಸ್ಯಾನ್ ಡಿಯಾಗೋಗೆ ಹೋಗುವವಳು, ಆಗಲೇ ಅಪ್ಲೈ ಮಾಡಿದ್ದಾಳೆ ಎಂದೆ. ಅಕ್ಕನಿಂದ ಆಮೇಲೆ ತಿಳಿದಿದ್ದ ಥಿಯೇಟರಿನ ಹೆಸರನ್ನೂ ಹೇಳಿದೆ.

ಹೇಗಿದ್ದರೂ ಹೋಗುವವಳು, ಇದರಿಂದ ಅವಳಿಗೇನು ನಷ್ಟ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೋಯಿಸಬೇಕೆಂದು ಹೇಳಲಿಲ್ಲ ಎಂದು ಈಗ ಬರೆದರೆ ಅದು ಸುಳ್ಳು. ಆ ತೋಳಿನ ಹೊಗಳಿಕೆ ಕೇಳಿ ಕೇಳಿ ನನಗೆ ಹೊಟ್ಟೆಕಿಚ್ಚಾಗಿತ್ತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ಕೇಳದೆ ಹೋಗುವವರನ್ನು ರಾಣಿ ಏನು ಮಾಡುತ್ತಾಳೆಂದು ದಿನವೂ ಕಥೆ ಕೇಳಿದವಳು ನಾನು.

ಈ ಕಸುಬಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಂದು ವಾರದೊಳಗೆ ಥಿಯೇಟರಿನವರು ಅಕ್ಕನಿಗೆ ಕೆಲಸ ಇಲ್ಲ ಎಂದರು. ನಿಮ್ಮ ಮೇಡಂ ಜೊತೆ ಮಾತಾಡಿದೆವು ಎಂದೂ ಹೇಳಿದರಂತೆ. ಮುಂದಿನ ಸೋಮವಾರ ಇಲ್ಲಿಯ ಕೆಲಸವೂ ಹೋಯಿತು. ಅರ್ಧಕ್ಕೆ ನಿಂತ ಎಡತೋಳನ್ನು ಮೇಡಂ ನನ್ನ ಕೈಗೆ ಕೊಟ್ಟು ಮುಗಿಸು ಎಂದರು. ನನಗೆ ಆ ಕೆಲಸ ಬರುತ್ತಿರಲಿಲ್ಲ. ನಾಚಿಕೆಗೆಟ್ಟು ಅಕ್ಕನನ್ನೇ ಕೇಳಿದೆ.

ಪೆಟ್ಟಿಗೆಯಲ್ಲಿ ಸಾಮಾನು ತುಂಬುತ್ತಿದ್ದವಳು ಬಂದು ಪಕ್ಕದಲ್ಲಿ ಕೂತು ಸೂಜಿ ಹಿಡಿದಳು. "ಕೌಂಟ್ ಫೋರ್" ಎಂದಳು. "ನೌ ಕಮ್ ಬ್ಯಾಕ್ ದಿ ಸೇಮ್ ವೇ."

ನಾನು ಕನ್ನಡದಲ್ಲಿ ಏನೋ ಕೇಳಿದೆ. ಅದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಬಂತು, ಕತ್ತರಿಯವರ ಜೊತೆ ಮಾತಾಡುವಾಗಿನ ಅದೇ ಮರ್ಯಾದೆಯ ದನಿಯಲ್ಲಿ. ಆಗ ಹೊಳೆಯಿತು, ಅವಳಿಗೆ ಗೊತ್ತಾಗಿದೆ. ಆ ವರ್ಕ್‌ಶಾಪಿನಲ್ಲಿ ಕನ್ನಡದಲ್ಲಿ ಹೇಳಿದ ಅವಳ ಗುಟ್ಟು ಅರ್ಥವಾಗಿದ್ದುದು ನನಗೊಬ್ಬಳಿಗೇ.

"ತಪ್ಪಾಯ್ತು ಅಕ್ಕ, ನಾನೇ ಹೇಳ್ಬಿಟ್ಟೆ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು, ನಾನು ಆಡಿದ ಭಾಷೆಯೇ ತನಗೆ ಬಾರದು ಎಂಬಂತೆ. ಆಮೇಲೆ, ಏನಂದೆ ಎನ್ನುವ ಹಾಗೆ, "ಸಾರಿ?" ಎಂದು ಕೇಳಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಪೆಟ್ಟಿಗೆ ಎತ್ತಿಕೊಂಡು ಕಾರಿಗೆ ಹೋದಳು.