ಕೇಬಲ್ ಸುತ್ತಿ ಇಳಿದ ಕರಿ ಗೆರೆ

"ಇದು ಆ ಇಮಾಮಸಾಬಂದ ಕೆಲಸಾರೀ, ಬೇಕಂತ ಮಾಡ್ಯಾನ!"

ಹಾವೇರಿಗೆ ಟ್ರಂಕ್ ಕಾಲ್ ಮಾಡಿ, ಕರೆಂಟಿನ ಇನ್ಸ್‌ಪೆಕ್ಟರನಾದ ನನ್ನನ್ನು ಕರೆಸಿಕೊಂಡ ಮಾಲೀಕರು, ನಾನು ಜೀಪಿನಿಂದ ಇಳಿಯುವ ಮೊದಲೇ ತೀರ್ಪು ಕೊಟ್ಟುಬಿಟ್ಟರು. ಬ್ಯಾಡಗಿಯ ಮೆಣಸಿನಪುಡಿ ಕಾರ್ಖಾನೆ ಅದು, ಗೆಳೆಯರೇ. ವರ್ಷದ ಮೊದಲ ಮಳೆಗೆ ಇವತ್ತು ಬೆಳಿಗ್ಗೆ ಹನ್ನೊಂದು ಸಾವಿರ ವೋಲ್ಟಿನ ಕೇಬಲ್ಲಿನ ತುದಿ ಢಂ ಎಂದು ಸುಟ್ಟಿತ್ತು. ಆ ತುದಿಯನ್ನು ಲೈನಿಗೆ ಜೋಡಿಸಿ ಕಟ್ಟಿದವರು ಗುತ್ತಲದ ಮಿಸ್ತ್ರಿ ಇಮಾಮಸಾಬರು. ಅವರೂ ಅಲ್ಲೇ ಇದ್ದರು.

"ನನ್ನ ಕೆಲಸ ಗಟ್ಟಿ ಐತ್ರಿ. ಯಾರೋ ಕೈ ಹಚ್ಯಾರ," ಎಂದು ಮಾಲೀಕರನ್ನೇ ದಿಟ್ಟಿಸಿದರು. ನನಗೋ ಇಬ್ಬರ ಮೇಲೂ ಗುಮಾನಿ.

ಲೈನ್ ಬಂದ್ ಮಾಡಿಸಿ ನೋಡಿದೆ. ಕಟ್ಟುವಾಗ ತಪ್ಪಾಗಿದ್ದರೆ ತುದಿ ಒಳಗಿನಿಂದ ಸುಡಬೇಕು. ಇಲ್ಲಿ ಒಳಗೆಲ್ಲ ಸ್ವಚ್ಛ. ಹೊರಮೈ ಮೇಲೆ ಮಾತ್ರ ಒಂದು ಕರಿ ಗೆರೆ ಬಳ್ಳಿಯಂತೆ ಸುತ್ತಿ ಸುತ್ತಿ ಇಳಿದಿತ್ತು. ಅದರ ಕೊನೆಗೆ, ಕ್ಲಾಂಪಿನ ಸಂದಿಯಲ್ಲಿ, ಸುಡದೆ ಉಳಿದ ಅರಿಶಿನ ದಾರದ ತುಂಡು.

"ಇದೇನ್ರಿ?"

"ಕಂಕಣಾರೀ," ಎಂದರು ಮಾಲೀಕರು. "ದೀಪಾವಳಿ ಪೂಜಾಕ್ಕ ಲೈನ್ ಬಂದ್ ಮಾಡ್ಸಿ ನಾನ ಮ್ಯಾಲಿಂದ ಕೆಳಗ ಸುತ್ತಿ ಕಟ್ಟೇನಿ. ಮಂದಿ ಕಣ್ಣು ಬೀಳಬಾರ್ದಲ್ಲ."

ಒಣಗಿದ್ದಾಗ ದಾರ ಸುಮ್ಮನಿತ್ತು, ಮಳೆಗೆ ನೆನೆದ ಮೇಲೆ ಅದರ ಗುಂಟ ಕರೆಂಟು ಹರಿದು ತುದಿ ಸುಟ್ಟಿದೆ ಎಂದು ವಿವರಿಸಿದೆ. ಮಾಲೀಕರು ಇಮಾಮಸಾಬರ ಕಡೆ ತಿರುಗಿಯೂ ನೋಡಲಿಲ್ಲ. ದಾರದ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಹಂಗಾರ ಈ ದಾರ ಮಾರಿದಾಂವನ್ನ ವಿಚಾರಸ್ಬೇಕ್ರಿ. ಅಂವನ ನಗಿ ನೋಡಿ ಅವತ್ತ ನನಗ ಸಂಶೇ ಬಂದಿತ್ತು."

ಬ್ಯಾಡಗಿ ಪೇಟೆಯಲ್ಲಿ ದಾರ ಮಾರುವವರು ಯಾರಾದರೂ ನಿಮ್ಮ ಗುರುತಿನವರಿದ್ದರೆ, ನಾಳೆ ಗಿರಾಕಿಗಳ ಎದುರು ನಗಬೇಡಿ ಎಂದು ಹೇಳಿಬಿಡಿ.