ಚಾಪೆಯ ಕೋಣೆಗೆ ಹಗ್ಗ ಬೇಡವೆಂದ ಅರ್ಜುಮಂದ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ವೀಡನ್ನಿನ ಸೋಡರ್‌ಟೆಲ್ಯೆಯ ಹೊರವಲಯದ ಮರದ ಮನೆಯೊಂದರಲ್ಲಿ ಅರ್ಜುಮಂದ್ ಮಂಡಿಯೂರಿ ಕೂತು ಜಪಾನಿ ಚಾಪೆಯ ಮೇಲೆ ಅಂಗೈ ಆಡಿಸುತ್ತಿದ್ದಾರೆ. ಏನೋ ಚುಚ್ಚುತ್ತದೆ. ಹೆಣಿಗೆಯ ಗುಂಟ ಮೆಲ್ಲಗೆ ಗುಡಿಸಿ, ಜಲ್ಲಿಯ ಚೂರೊಂದನ್ನು ಹೆಕ್ಕಿ ತೋರಿಸುತ್ತಾರೆ.

"ಇದೇ ನೋಡಿ ನನ್ನ ಶತ್ರು. ಐಸ್ ಮೇಲೆ ಜಾರಬಾರ್ದು ಅಂತ ಕಮ್ಯೂನ್‌ನೋರು, ಅಂದ್ರೆ ಇಲ್ಲಿನ ಪುರಸಭೆಯೋರು, ರೋಡಿಗೆ ಹಾಕ್ತಾರೆ. ಜನ ಬೂಟಲ್ಲಿ ಇಲ್ಲಿಗೆ ತರ್ತಾರೆ."

ಜಪಾನಿನ ಹೆಸರಾಂತ ಕಾದಂಬರಿಕಾರ್ತಿ ತೋವಾ ಮಿನೆಗಿಶಿ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿ. ಬರೆಯುವ ಕೋಣೆಗೆ ತಮ್ಮೂರಿನಿಂದ ಚಾಪೆ ತರಿಸಿದರು, ಕಿಟಕಿಯನ್ನು ನೆಲಕ್ಕೆ ತಾಗುವಂತೆ ಇಡಿಸಿದರು. ನಿಂತವರಿಗೆ ಬರೀ ಗೋಡೆ. ಗಿಡ್ಡ ಮೇಜಿನ ಮುಂದೆ ಕೂತರೆ ಮಾತ್ರ ಸರೋವರ ಕಾಣುತ್ತದೆ. ಈಗ ಮನೆ ಸ್ಮಾರಕವಾಗಿದೆ. ಅದನ್ನು ಗುಡಿಸಿ ಒರೆಸುವವರು ವಿಜಯಪುರದ ಈ ಹೆಣ್ಣುಮಗಳು.

ಹೋದ ಚಳಿಗಾಲದಲ್ಲಿ ಚಾಪೆ ಅಲ್ಲಲ್ಲಿ ಸೀಳಿತು. ಬೂಟಿನ ಮೇಲೆ ತೊಡುವ ನೀಲಿ ಪ್ಲಾಸ್ಟಿಕ್ ಚೀಲ ಹರಿದು ಜಲ್ಲಿ ಒಳಗೆ ಬರುತ್ತಿತ್ತು. ಹಗ್ಗ ಕಟ್ಟಿ ಬಾಗಿಲಿಂದಲೇ ತೋರಿಸೋಣ ಎಂದಿತು ಉಸ್ತುವಾರಿ ಸಮಿತಿ. ಒಂದು ಚಳಿಗಾಲ ನನಗೆ ಬಿಡಿ ಎಂದರು ಅರ್ಜುಮಂದ್. ಅಂದಿನಿಂದ ಬೂಟುಗಳೆಲ್ಲ ಹೊಸ್ತಿಲಾಚೆ. ಒಳಗೆ ಹೋಗುವವರಿಗೆ ಉಣ್ಣೆಯ ಸಾಕ್ಸ್ ಕೊಡುತ್ತಾರೆ. ಒಗೆಯುವುದೂ ಅವರೇ, ತಾವಿರುವ ಕಟ್ಟಡದ ಸಾಮೂಹಿಕ ಲಾಂಡ್ರಿಯಲ್ಲಿ.

ಟ್ರಕ್ ಕಾರ್ಖಾನೆಯ ಎಂಜಿನಿಯರ್ ಆಗಿರುವ ಪತಿ ಜಾವೇದ್ ಕಾಲೆಳೆಯುತ್ತಾರೆ: "ನನ್ನ ಸಾಕ್ಸ್ ಒಂದೂ ಜೋಡಿ ಸಿಗಲ್ಲ, ಊರೋರದ್ದೆಲ್ಲ ಒಗೀತೀಯ. ಹಗ್ಗ ಕಟ್ಟಿದ್ರೆ ನಿನಗೇ ಆರಾಮಲ್ವಾ?"

"ಆರಾಮೇ. ಆದ್ರೆ ಬಾಗಿಲಲ್ಲಿ ನಿಂತೋರು ಮೇಜು ನೋಡಿ ಹೋಗ್ತಾರೆ. ಆಯಮ್ಮ ಏನು ನೋಡ್ತಿದ್ರೋ ಅದು ಕಾಣೋದೇ ಇಲ್ಲ."

ಇಂದು ಸಮಿತಿಯ ಗುನಿಲ್ಲಾ ಚಾಪೆ ಪರೀಕ್ಷಿಸಲು ಬರುವ ದಿನ. ಅವರಿಗಿಂತ ಮೊದಲೇ ಲಿಂಕೋಪಿಂಗ್‌ನಿಂದ ಕನ್ನಡತಿ ಶೋಭನಾ ಮತ್ತು ಮಗಳು ಚಾರ್ವಿ ಮನೆ ನೋಡಲು ಬಂದಿದ್ದಾರೆ. ಸಾಕ್ಸ್ ತರಲು ಅರ್ಜುಮಂದ್ ತಿರುಗುವಷ್ಟರಲ್ಲಿ ಶೋಭನಾ ಬೂಟಿನ ಜೊತೆ ತಮ್ಮ ಕಾಲುಚೀಲವನ್ನೂ ಕಳಚಿ, ಬರಿಗಾಲಲ್ಲಿ, ಕೈ ಮುಗಿದುಕೊಂಡು ಒಳಗೆ ನಡೆದಿದ್ದಾರೆ. ಚಾಪೆಯ ಮೇಲೆ ಒದ್ದೆ ಹೆಜ್ಜೆ.

"ಅಕ್ಕಾ, ಇದು ಗುಡಿ ಅಲ್ಲ, ಸಾಕ್ಸ್ ಹಾಕ್ಕೊಳ್ಳಿ!"

"ಅಯ್ಯೋ, ಬರಿಗಾಲಲ್ಲಿ ಹೋದ್ರೆ ಗೌರವ ಅಲ್ವೇನ್ರೀ?"

"ಗೌರವ ಇರ್ಲಿ, ಬೆವರು ಬೇಡ."

"ಮಮ್ಮಾ, ಸೋ ಪಿನ್ಸಾಮ್ಟ್!" ಎಷ್ಟು ಮುಜುಗರ ಎಂದು ಸ್ವೀಡಿಷ್‌ನಲ್ಲಿ ಅಂದು ಚಾರ್ವಿ ಮುಖ ಮುಚ್ಚಿಕೊಳ್ಳುತ್ತಾಳೆ.

ಅರ್ಜುಮಂದ್ ಹೆಜ್ಜೆಗುರುತಿನ ಮೇಲೆ ಒಣಬಟ್ಟೆ ಒತ್ತುತ್ತಿರುವಾಗಲೇ ಗುನಿಲ್ಲಾ ಬಾಗಿಲಲ್ಲಿ ನಿಂತಿದ್ದಾರೆ. ಇದೇನು ಎಂದು ಕೇಳುತ್ತಾರೆ. ಅರ್ಜುಮಂದ್ ಮುಚ್ಚಿಡುವುದಿಲ್ಲ. ಸ್ವೀಡಿಷ್‌ನಲ್ಲೇ ಉತ್ತರಿಸುತ್ತಾರೆ: "ಒದ್ದೆ ಕಾಲು. ಸಾಕ್ಸ್ ಕೊಡೋದು ತಡ ಆಯ್ತು. ಒಣಗ್ಲಿ, ಆಮೇಲೆ ಹೇಳಿ."

ಗುನಿಲ್ಲಾ ಸಾಕ್ಸ್ ತೊಟ್ಟು ಮೇಜಿನ ಮುಂದೆ ಕೂರುತ್ತಾರೆ. ಹೆಜ್ಜೆಗುರುತು ಅಂಚಿನಿಂದ ಮಾಸುತ್ತಾ ಹೋಗುತ್ತದೆ. ಆಮೇಲೆ ಅವರು ಮೂಲೆ ಮೂಲೆಗೂ ತೆವಳಿ, ಬೆರಳಾಡಿಸಿ ನೋಡುತ್ತಾರೆ. ಹೊಸ ಸೀಳು ಸಿಗುವುದಿಲ್ಲ.

"ಜೂನ್ ತಿಂಗಳ ಮಿಡ್‌ಸಮ್ಮರ್ ಹಬ್ಬದವರೆಗೆ ತೆರೆದಿರಲಿ. ಆಮೇಲೆ ಮತ್ತೆ ನೋಡೋಣ," ಎನ್ನುತ್ತಾರೆ ಗುನಿಲ್ಲಾ.

ಪೂರ್ತಿ ಗೆಲುವಲ್ಲ. ಬೇಸರವಾಯಿತೇ ಎಂದರೆ ಅರ್ಜುಮಂದ್ ಇಲ್ಲವೆಂದು ತಲೆಯಾಡಿಸುತ್ತಾರೆ.

"ಅಲ್ಲೀತನಕ ಬರೋರು ಒಳಗೆ ಕೂತೇ ಹೋಗ್ತಾರಲ್ಲ. ಒಮ್ಮೆ ಕೂತು ಸರೋವರ ನೋಡಿದೋರನ್ನ ಯಾವ ಹಗ್ಗ ಎಬ್ಬಿಸುತ್ತೆ, ಹೇಳಿ?"